ಅಕ್ಕೋರು ಬಿಟ್ಟ ನೀರು

ಮೊನ್ನೆ ಸಂಜೆ ಸೂಪರ್ ಮಾರ್ಕೆಟ್ ಎಂಬ ಪೇಟೆಬೀದಿಯಲ್ಲಿ ಹಣ್ಣಿನ ಬಂಡಿಗಳ ಸಾಲು ದಾಟುತ್ತಿದ್ದಾಗ ಒಂದು ಹುಳಿ ವಾಸನೆ ಮೂಗಿಗೆ ಬಡಿಯಿತು. ಕರಿ ದ್ರಾಕ್ಷಿಯ ಬಂಡಿಯ ಕೆಳಗೆ, ಯಾರದೋ ಚಪ್ಪಲಿಗೆ ಸಿಕ್ಕು ಒಡೆದ ಹಣ್ಣುಗಳು ದಿನವಿಡೀ ಬಿಸಿಲಿಗೆ ಬೆಂದು ನೊರೆ ಕಟ್ಟಿದ್ದವು. ಕಾಲು ಅಲ್ಲೇ ನಿಂತಿತು. ಬಂಡಿಯವನು ಗೊಂಚಲೊಂದನ್ನು ಎತ್ತಿ ಹಿಡಿದು, "ಲೇಲೋ ಸಾಬ್, ಬೀಜಾ ಇಲ್ಲ, ಶಕ್ಕರ್ ಅದ ಶಕ್ಕರ್" ಎಂದ.

"ಬೀಜ ಇದ್ದದ್ದು ಇಲ್ಲೇನು?" ಎಂದು ಕೇಳಿಬಿಟ್ಟೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಬೀಜ ಬೇಕೆನ್ನುವ ತಲೆತಿರುಕ ಗಿರಾಕಿ ಅವನಿಗೆ ಅದೇ ಮೊದಲು ಸಿಕ್ಕಿರಬೇಕು. ಹೆಂಡತಿ ತರಲು ಹೇಳಿದ್ದು ಪುಂಡಿಪಲ್ಯದ ಸೊಪ್ಪು. ಅದನ್ನು ಮರೆತು ಬರಿಗೈಯಲ್ಲಿ ಮನೆಗೆ ಹೋಗಿ ಬೈಸಿಕೊಂಡೆ. ಬೈಗುಳ ಕಿವಿಗೆ ಬೀಳುತ್ತಿತ್ತು, ತಲೆಯಲ್ಲಿ ಮಾತ್ರ ಅಕ್ಕೋರು ನಿಂತಿದ್ದರು... ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ನನಗೇನೂ ಅವರು ಕಲಿಸಿದವರಲ್ಲ. ನಾನು ಅವರನ್ನು ಕಂಡದ್ದೇ ಅವರು ನಿವೃತ್ತರಾದ ಮೇಲೆ. ಆಗ ನಾನೊಂದು ವೈನ್ ಕಂಪನಿಯಲ್ಲಿದ್ದೆ. ಬೈಕಿನ ಮೇಲೆ ತೋಟದಿಂದ ತೋಟಕ್ಕೆ ತಿರುಗುತ್ತ, ಬಳ್ಳಿಯನ್ನು ಯಾವಾಗ ಸವರಬೇಕು, ಯಾವಾಗ ಔಷಧ ಹೊಡೆಯಬೇಕು, ಯಾವಾಗ ನೀರು ಕಡಿಮೆ ಮಾಡಬೇಕು ಎಂದು ಬೆಳೆಗಾರರಿಗೆ ಹೇಳುವುದು ನನ್ನ ಕೆಲಸ. ನನ್ನ ತಾಯಿ ಬೀಗರ ಮುಂದೆ ಈ ನೌಕರಿಯನ್ನು, "ಹಣ್ಣಿನ ರಸದ ಕಂಪನ್ಯಾಗ ಇದ್ದಾನ್ರೀ" ಎಂದು ಹೇಳುತ್ತಿದ್ದಳು. ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನದ ಹುಡುಗನಿಗೆ ಹೆಣ್ಣು ಸಿಗಬೇಕಲ್ಲ!

ಅಕ್ಕೋರ ಪರಿಸ್ಥಿತಿ ನನಗಿಂತ ವಿಚಿತ್ರವಾಗಿತ್ತು. ನೌಕರಿಯುದ್ದಕ್ಕೂ ಕಮಲಾಪುರದ ಶಾಲೆಯಲ್ಲಿ ಒಂದನೇ, ಎರಡನೇ ಕ್ಲಾಸಿಗೆ ಕಲಿಸಿದವರು. ಗಾಂಧಿ ಜಯಂತಿ ಬಂತೆಂದರೆ ಮಕ್ಕಳ ಕೈಗೆ ರಟ್ಟಿನ ಫಲಕ ಕೊಟ್ಟು, ಕುಡಿತ ಬಿಡಿ ಎಂದು ಊರ ತುಂಬ ಕೂಗಿಸಿಕೊಂಡು ತಿರುಗಿದವರು. ಅಂಥವರು ಈಗ ಬಾಟಲಿಗೆ ಹೋಗುವ ದ್ರಾಕ್ಷಿ ಹಚ್ಚಿದ್ದರು. ಸುತ್ತಮುತ್ತ ತೊಗರಿ, ಪಕ್ಕದವರ ಹೊಲದಲ್ಲಿ ಕೆಂಪು ಬಾಳೆ, ನಡುವೆ ತಂತಿಗೆ ಹಬ್ಬಿದ ಇವರ ಬಳ್ಳಿ. ದಾರಿಯಲ್ಲಿ ಹೋಗುವವರು ಸುಮ್ಮನಿರುತ್ತಾರೆಯೇ? "ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ" ಎಂದು ಅವರಿಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಲ್ಲಿ ಅರ್ಧ ಜನ ಅವರ ಕೈಯಲ್ಲೇ ಅಕ್ಷರ ತಿದ್ದಿದವರು.

ಮೊದಲ ಸಲ ಹೋದಾಗ ನಾನೇ ಹಿಂದೆಮುಂದೆ ನೋಡುತ್ತ ಕೇಳಿದ್ದೆ, ಇದು ವೈನಿಗೆ ಹೋಗುವ ಹಣ್ಣೆಂದು ನಿಮಗೆ ಗೊತ್ತಲ್ಲವೇ ಎಂದು. ಅವರು ಬಳ್ಳಿಯಿಂದ ಕಣ್ಣು ತೆಗೆಯದೆ ಹೇಳಿದರು: "ಗೊತ್ತದಪಾ. ನಾ ಕಲಿಸಿದ ಹುಡುಗೂರೊಳಗ ಒಬ್ಬಂವ ಸಾಹೇಬ ಆದ, ಒಬ್ಬಂವ ಜೇಲಿಗಿ ಹೋದ. ಇಬ್ಬರಿಗೂ ಕಲಿಸಿದ್ದು ಅದೇ ಅ ಆ ಇ ಈ. ಬೆಳಿಸೂದು ನಂದು, ಮುಂದಿಂದು ಅದರ ಹಣೆಬರ."

ಇಷ್ಟು ಖಡಕ್ಕಾಗಿ ಮಾತಾಡಿದ ಹೆಂಗಸೇ ಮುಂದೆ ಹಾಗೆ ಮಾಡಿದ್ದು. ಅದಕ್ಕೇ ನನಗೆ ಇವತ್ತಿಗೂ ತಲೆ ಕೆಡುವುದು.

ದ್ರಾಕ್ಷಿಯೇ ಯಾಕೆ ಎಂದು ಕೇಳಿದರೆ ಅವರ ಉತ್ತರ ಇನ್ನೂ ಸರಳ. ಶಾಲೆಯ ಗೋಡೆಗೆ ತೂಗುಹಾಕಿದ್ದ ಚಿತ್ರಪಟದಲ್ಲಿ ದ್ರಾಕ್ಷಿ ಗೊಂಚಲೊಂದಿತ್ತಂತೆ. ಕೋಲು ಇಟ್ಟು ತೋರಿಸಿದಾಗಲೆಲ್ಲ ಯಾವುದಾದರೂ ಮಗು ಎದ್ದು, ಇದು ಗಿಡದಲ್ಲಿ ಬಿಡುತ್ತದೋ ನೆಲದಲ್ಲಿ ಬಿಡುತ್ತದೋ ಎಂದು ಕೇಳುತ್ತಿತ್ತಂತೆ. ಬಳ್ಳಿಯಲ್ಲಿ ಬಿಡುತ್ತದೆ ಎಂದು ಹೇಳುತ್ತಿದ್ದರು. ಸ್ವತಃ ಬಳ್ಳಿ ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ಒಮ್ಮೆ ಬೆಳೆದು ಕಣ್ಣಾರೆ ನೋಡಬೇಕೆನಿಸಿತು. ತಿನ್ನುವ ದ್ರಾಕ್ಷಿಗೆ ಬೇಕಾಗುವಷ್ಟು ನೀರು ಅವರ ಬೋರ್‌ವೆಲ್ಲಿನಲ್ಲಿ ಇರಲಿಲ್ಲ. ವೈನಿನ ದ್ರಾಕ್ಷಿಗೆ ನೀರು ಕಡಿಮೆ ಸಾಕು, ಸಸಿಯನ್ನು ಕಂಪನಿಯೇ ಕೊಡುತ್ತಿತ್ತು. ಆಯಿತಲ್ಲ.

ಅಕ್ಕೋರು ಲಗ್ನವಾದವರಲ್ಲ. ಬ್ರಹ್ಮಪುರದಲ್ಲಿ ತಮ್ಮನ ಸಂಸಾರದ ಜೊತೆ ತುಂಬಿದ ಮನೆಯಲ್ಲಿದ್ದರು. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ತೋಟಕ್ಕೆಂದು ಕಮಲಾಪುರದ ಬಸ್ಸು ಹತ್ತುತ್ತಿದ್ದರು, ಶಾಲೆಗೆ ಹೋಗುತ್ತಿದ್ದ ಅದೇ ಬಸ್ಸು. ಆ ತಮ್ಮ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ತೊಗರಿ ವ್ಯಾಪಾರಿ. ತೊಗರಿ ಬಿಟ್ಟು ಬೇರೆ ಬೆಳೆಯೂ ಜಗತ್ತಿನಲ್ಲಿ ಇದೆಯೆಂದು ನಂಬದ ಮನುಷ್ಯ. ಅಕ್ಕನ ಹಟಕ್ಕೆ ಒಪ್ಪಿದ್ದ, ಒಂದು ಕರಾರಿನ ಮೇಲೆ. ನನ್ನ ಎದುರಿಗೇ ಅದನ್ನು ಇನ್ನೊಮ್ಮೆ ಹೇಳಿದ: "ಮೊದಲನೇ ಬೆಳಿ ಕಂಪನಿಯವರು ತೊಗೊಂಡ್ರ ತ್ವಾಟ ನಿಂದು, ನಾ ಬಾಯಿ ತೆಗಿಯಂಗಿಲ್ಲ. ತೊಗೊಳ್ಳಿಲ್ಲ ಅಂದ್ರ ಟ್ರ್ಯಾಕ್ಟರ್ ನಂದು."

ಅಕ್ಕೋರು "ಹೂಂ" ಎಂದರು. ಬಳ್ಳಿ ನೆಟ್ಟು, ತಂತಿಗೆ ಹಬ್ಬಿಸಿ, ಎರಡು ಬೇಸಿಗೆ ಜೋಪಾನ ಮಾಡಿ, ಮೂರನೇ ವರ್ಷಕ್ಕೆ ಆ ಮೊದಲ ಬೆಳೆ ಬರುವುದಿತ್ತು.

ಆ ವರ್ಷ ಮಳೆ ಹಿಂದಕ್ಕೆ ಸರಿದ ಮೇಲೆ ಚಾಟ್ನಿ ಶುರುವಾಯಿತು. ಬಳ್ಳಿ ಸವರುವುದಕ್ಕೆ ನಮ್ಮಲ್ಲಿ ಚಾಟ್ನಿ ಎನ್ನುತ್ತಾರೆ. ಹಸಿರಾಗಿ ಸೊಕ್ಕಿದ ಬಳ್ಳಿಯನ್ನು ಕಡ್ಡಿಗಳು ಮಾತ್ರ ಉಳಿಯುವಂತೆ ಕತ್ತರಿಸಬೇಕು, ಆಮೇಲೆಯೇ ಹೊಸ ಚಿಗುರಿನ ಜೊತೆ ಗೊಂಚಲು ಬರುವುದು. ಹೊಸ ಬೆಳೆಗಾರರು ಇಲ್ಲಿ ಕೈ ನಡುಗಿಸುತ್ತಾರೆ. ಅಕ್ಕೋರು ನಡುಗಿಸಲಿಲ್ಲ. ಬಳ್ಳಿಯ ಸಾಲುಗಳಿಗೆ ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂದು ಹೆಸರಿಟ್ಟಿದ್ದರು. ಬಂದ ಕೂಡಲೇ ಸಾಲಿನ ತುದಿಯಿಂದ ತುದಿಗೆ ನಡೆದು ಹಾಜರಿ ತೆಗೆದುಕೊಳ್ಳುತ್ತಿದ್ದರು. ಬೇಲಿಯ ಬದಿಗೆ ಒಂದು ಬಳ್ಳಿ ಏನು ಮಾಡಿದರೂ ಏಳುತ್ತಿರಲಿಲ್ಲ. ಅದಕ್ಕೆ "ಹಿಂದಿನ ಬೆಂಚಿನಂವ" ಎಂದು ಹೆಸರು. ಅದರ ಮುಂದೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಬೈಯುತ್ತಿದ್ದರೋ ರಮಿಸುತ್ತಿದ್ದರೋ, ದೂರದಿಂದ ಗೊತ್ತಾಗುತ್ತಿರಲಿಲ್ಲ.

ಚಿಗುರು ಬಂತು, ಅದರ ಜೊತೆ ಸಾಸಿವೆಕಾಳಿನಂಥ ಮೊಗ್ಗಿನ ಗೊಂಚಲು ಬಂತು. ದ್ರಾಕ್ಷಿ ಹೂವಿಗೆ ಒಂದು ಸಣ್ಣ ಕಂಪಿರುತ್ತದೆ, ಎರಡೇ ದಿನ. ಅದನ್ನು ಹಿಡಿಯಲು ಅವರು ಸಾಲಿನ ನಡುವೆ ಕಣ್ಣು ಮುಚ್ಚಿ ನಿಂತಿದ್ದು ನೆನಪಿದೆ. ಅಥವಾ ನಿಂತದ್ದು ನಾನೋ... ಈಗ ಸರಿಯಾಗಿ ಹೇಳಲಾರೆ. ಕಾಯಿ ಕಟ್ಟುವ ಹೊತ್ತಿಗೆ ಅಕಾಲದ ಮೋಡ ಕವಿದು ಎಲೆಯ ಹಿಂದೆ ಬಿಳಿ ಬೂಜು ಕಾಣಿಸಿತು. ಮೈಲುತುತ್ತು ಸುಣ್ಣ ಕಲಸಿ ಹೊಡೆಸಿದೆವು. ಆ ವಾರ ಅಕ್ಕೋರು ನನಗೆ ಫೋನು ಮಾಡಿ ಮಾಡಿ ಹೈರಾಣ ಮಾಡಿದರು. ಇಷ್ಟು ಹೇಳುತ್ತಿರುವುದು ಯಾಕೆಂದರೆ, ಬೆಳೆ ಕೆಡಬೇಕೆಂಬ ಮನಸ್ಸಿದ್ದವರು ಬೂಜಿಗೆ ಹೀಗೆ ಒದ್ದಾಡುವುದಿಲ್ಲ. ಬೂಜನ್ನು ಅದರ ಪಾಡಿಗೆ ಬಿಟ್ಟಿದ್ದರೆ ಸಾಕಿತ್ತು.

ಎಳ್ಳಮಾವಾಸ್ಯೆಯ ಹೊತ್ತಿಗೆ ಹಸಿರು ಕಾಯಿಗೆ ಬಣ್ಣ ತಿರುಗಿತು. ಗೊಂಚಲಿನಲ್ಲಿ ಒಂದು ಕಾಯಿ ಕೆಂಪು, ಒಂದು ನೀಲಿ, ಒಂದು ಇನ್ನೂ ಹಸಿರು. ಅಮಾವಾಸ್ಯೆಯ ದಿನ ನನ್ನನ್ನೂ ಊಟಕ್ಕೆ ಕರೆದಿದ್ದರು. ತಮ್ಮನ ಮನೆಮಂದಿಯೆಲ್ಲ ಟೆಂಪೋ ಮಾಡಿಕೊಂಡು ಹೊಲಕ್ಕೆ ಬಂದಿದ್ದರು. ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ಕಡಬು, ಶೇಂಗಾ ಹೋಳಿಗೆ, ಅಂಬಲಿ. ಅಂದು ಭೂಮಿ ತುಂಬು ಬಸುರಿ, ನಾವು ಉಣ್ಣುವುದು ಅವಳ ಬಯಕೆಯ ಊಟ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಮೊದಲು ಅವಳಿಗೆ ಚರಗ ಚೆಲ್ಲಿ, ಆಮೇಲೆ ನಾವು ಕೂರುವುದು. ಅಕ್ಕೋರು ಕಡಬು ಭಜ್ಜಿ ಕಲಸಿದ ಚರಗವನ್ನು ತೊಗರಿಗೆ ಚೆಲ್ಲಿದ ಹಾಗೆಯೇ ದ್ರಾಕ್ಷಿಯ ಬುಡಕ್ಕೂ ಚೆಲ್ಲಿದರು, ಹಿಂದೆ ಅವರ ತಮ್ಮ ಅಂಬಲಿ ಚಿಮುಕಿಸುತ್ತ ಬಂದ. "ಅಂಬಲಿ ಕುಡ್ದು ಬೆಳದದ್ದು, ನಿಮ್ಮ ವೈನ್ ಹುಳಿ ಆದ್ರ ನಾ ಜಿಮ್ಮೇದಾರ ಅಲ್ರೀ ಸಾಹೇಬ್ರ" ಎಂದು ನನ್ನನ್ನು ಚುಡಾಯಿಸಿದ. ಎಲ್ಲರೂ ನಕ್ಕರು.

ಊಟವಾದ ಮೇಲೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಬಣ್ಣ ತಿರುಗಿದ ಮೇಲೆ ನೀರು ಇಳಿಸುತ್ತ ಬರಬೇಕು. ಕೊನೆಯ ವಾರಗಳಲ್ಲಿ ಪೂರ್ತಿ ನಿಲ್ಲಿಸಬೇಕು. ಬಳ್ಳಿ ಬಾಯಾರಿದಷ್ಟೂ ಕಾಯಿ ಸಣ್ಣಗೆ ಉಳಿದು ಒಳಗೆ ಸಕ್ಕರೆ ಗಟ್ಟಿಯಾಗುತ್ತದೆ, ಆಗಲೇ ಕಂಪನಿಯ ಪರೀಕ್ಷೆಯಲ್ಲಿ ಪಾಸು. ನೀರು ಬಿಟ್ಟರೆ ಕಾಯಿ ಉಬ್ಬಿ ಸಪ್ಪೆಯಾಗುತ್ತದೆ. ಎಲೆ ಬಾಡಿದರೂ ಹೆದರಬೇಡಿ ಎಂದೆ. ಅಕ್ಕೋರು ತಟ್ಟೆ ಎತ್ತುತ್ತಿದ್ದವರು ನಿಂತು ಕೇಳಿದರು. "ಈಗ ಬಯಕಿ ಊಟ ಮಾಡಿಸಿ, ನಾಳಿಂದ ನೀರು ಬಂದ್ ಮಾಡಂತಿಯಾ?" ಎಂದರು. ನಾನು ನಕ್ಕೆ. ಅವರೂ ನಕ್ಕರೆಂದು ನನ್ನ ನೆನಪು. ಆಮೇಲೆ "ಹೂಂ, ಬರಾಬರ್ ಮಾಡ್ತೀನಿ" ಎಂದರು. ತಮ್ಮನ ಕರಾರಿಗೆ ಹೇಳಿದಂಥದೇ ಹೂಂ.

ಒಂದಷ್ಟು ದಿನ ಬರಾಬರ್ ಮಾಡಿದರು ಕೂಡ. ಹೋದಾಗಲೆಲ್ಲ ಮಣ್ಣು ಬಿರಿಯುತ್ತ ಬಂದಿತ್ತು, ಕಾಯಿಯ ಸಕ್ಕರೆ ಏರುತ್ತ ಬಂದಿತ್ತು. ಸಕ್ಕರೆ ನೋಡಲು ನನ್ನ ಬಳಿ ಸಣ್ಣ ದುರ್ಬೀನಿನಂಥದೊಂದು ಇತ್ತು. ಅದರ ಗಾಜಿನ ಮೇಲೆ ಒಂದು ಹನಿ ರಸ ಹಿಂಡಿ ಬೆಳಕಿಗೆ ಹಿಡಿದರೆ ಗೆರೆ ಎಲ್ಲಿ ನಿಂತಿದೆ ಎಂದು ಕಾಣುತ್ತದೆ. ಅಕ್ಕೋರು ಅದನ್ನು ನನ್ನ ಕೈಯಿಂದ ಕಸಿದುಕೊಂಡು ಕಣ್ಣಿಗಿಟ್ಟು, ಪರೀಕ್ಷೆಯ ಪೇಪರು ತಿದ್ದುವ ಹಾಗೆ ಮುಖ ಗಂಟಿಕ್ಕಿ ನೋಡುತ್ತಿದ್ದರು. ಇನ್ನು ಸ್ವಲ್ಪ ದಿನ, ಶಿವರಾತ್ರಿ ಹೊತ್ತಿಗೆ ಕೊಯ್ಲು ಎಂದು ಲೆಕ್ಕ ಹಾಕಿದ್ದೆವು.

ಅಷ್ಟರಲ್ಲಿ ತಾಯಿ ಬೀಗರ ಮುಂದೆ ಹೇಳುತ್ತಿದ್ದ ಹಣ್ಣಿನ ರಸದ ಮಾತು ಫಲಿಸಿತು. ನನಗೆ ಮದುವೆ ಗೊತ್ತಾಗಿ ರಜೆ ಹಾಕಿ ಊರಿಗೆ ಹೋದೆ. ಅರಿಶಿನದ ಮೈಯಲ್ಲೂ ಒಮ್ಮೆ ಅಕ್ಕೋರಿಗೆ ಫೋನು ಮಾಡಿ ಕೇಳಿದ್ದೆ. "ನೀ ತೋಟದ ಫಿಕರ್ ಬಿಟ್ಟು ಅಕ್ಕಿಕಾಳು ಹಾಕಿಸ್ಕೋ" ಎಂದಿದ್ದರು.

ತಿರುಗಿ ಬಂದು ತೋಟಕ್ಕೆ ಹೋದರೆ ಬುಡದ ಮಣ್ಣು ಕರ್ರಗೆ, ಒದ್ದೆಯಾಗಿ ಮೆತ್ತಗಿತ್ತು. ಎಲೆಗಳೆಲ್ಲ ನಗುತ್ತಿದ್ದವು. ಕಾಯಿಗಳು ಉಬ್ಬಿ ಒಂದಕ್ಕೊಂದು ಒತ್ತಿಕೊಂಡು, ಕೆಲವು ಆಗಲೇ ಸಿಡಿದಿದ್ದವು. ಸಿಡಿದಲ್ಲಿ ಇರುವೆ, ಕಣಜ. ದುರ್ಬೀನು ಕಣ್ಣಿಗಿಟ್ಟೆ. ಗೆರೆ ನಾನು ಬಿಟ್ಟುಹೋದ ಜಾಗದಿಂದ ಎಷ್ಟೋ ಕೆಳಗೆ ಇಳಿದಿತ್ತು. ಗಾಜು ಒರೆಸಿ ಮತ್ತೆ ನೋಡಿದೆ, ಬೇರೆ ಸಾಲಿನ ಹಣ್ಣು ಹಿಂಡಿ ನೋಡಿದೆ. ಅಕ್ಕೋರು ಈ ಸಲ ದುರ್ಬೀನು ಕೇಳಲಿಲ್ಲ. ಸ್ವಲ್ಪ ದೂರದಲ್ಲಿ, ಆ ಹಿಂದಿನ ಬೆಂಚಿನವನ ಹತ್ತಿರ ನಿಂತಿದ್ದರು. ಅದರಲ್ಲೂ ಎರಡು ಗೊಂಚಲು ಕಪ್ಪಾಗಿದ್ದವು.

"ನೀರು ಯಾಕ ಬಿಟ್ರಿ ಅಕ್ಕೋರೇ?" ನನ್ನ ದನಿ ಏರಿತ್ತು. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

"ಬಸುರಿ ಹೆಣ್ಮಗಳು ಬಾಯಾರಿ ನಿಂತಾಳ. ನಾ ಅಕಿ ಎದುರಿಗಿ ಕುಂತು ಬುತ್ತಿ ಉಣ್ಣಬೇಕು, ನೀರು ಕುಡಿಬೇಕು. ಹ್ಯಾಂಗ್ ಕುಡಿಲೋ ತಮ್ಮಾ?" ಎಂದರು.

ನಂಬಿದೆ. ಹೇಳಿದ ರೀತಿ ಹಾಗಿತ್ತು. ಆದರೆ ಅದೇ ಸಂಜೆ ಬ್ರಹ್ಮಪುರದ ಮನೆಯಲ್ಲಿ ತಮ್ಮ ಕೇಳಿದಾಗ, ನನ್ನ ಎದುರಿಗೇ, "ಮರ್ತೆನಪಾ. ವಾಲ್ ಬಂದ್ ಮಾಡೂದು ಮರ್ತು ಬಸ್ ಹತ್ತಿದೆ" ಎಂದುಬಿಟ್ಟರು. ಯಾವ ವರ್ಷ ಯಾವ ಹುಡುಗ ಯಾವ ಬೆಂಚಿನಲ್ಲಿ ಕೂತಿದ್ದನೆಂದು ಹೇಳುವ ಹೆಂಗಸು! ಒಂದು ದಿನದ ಮರೆವಿಗೆ ಅಷ್ಟು ಮಣ್ಣು ನೆನೆಯುವುದೂ ಇಲ್ಲ. ನಾನು ಅವರ ಮುಖ ನೋಡಿದೆ, ಅವರು ಚಹದ ಕಪ್ಪು ನೋಡುತ್ತಿದ್ದರು.

ಮೂರನೆಯ ಉತ್ತರ ನನಗೆ ಸಿಕ್ಕಿದ್ದು ಮಹಾಗಾಂವದಿಂದ ಕೂಲಿ ಹೆಂಗಸರನ್ನು ಕರೆತರುತ್ತಿದ್ದ ಹೆಣ್ಣುಮಗಳಿಂದ. ಅವಳೂ ಅಕ್ಕೋರ ಹಳೆಯ ವಿದ್ಯಾರ್ಥಿನಿ. ಅವಳಿಗೆ ಅವರು ಹೇಳಿದ್ದು ಬೇರೆಯೇ: "ಎಲ್ಲಾ ಬೆಳಿಸೂದಾತು. ಬಾಟ್ಲ್ಯಾಗ ಇಳಿಯೂದು ನೋಡೂದಾಗಂಗಿಲ್ಲ ನಂಗ." ಹಾಗಾದರೆ ಬೂಜಿಗೆ ಒದ್ದಾಡಿದ್ದು ಯಾಕೆ? ಸಾಹೇಬ, ಜೇಲು, ಅ ಆ ಇ ಈ ಎಂದದ್ದು ಯಾಕೆ? ಅವಳನ್ನು ಕೇಳಿದರೆ, "ನಂಗೇನ್ ಗೊತ್ರೀ, ನೀವು ಶ್ಯಾಣ್ಯಾರು, ನೀವೇ ಹೇಳ್ರಿ" ಎಂದಳು.

ಕಂಪನಿಯಲ್ಲಿ ಮೇಲಿನವರಿಗೆ ಕೈಮುಗಿದು ಕೆಲವು ದಿನ ಸಮಯ ಕೇಳಿದೆ. ನೀರು ನಿಲ್ಲಿಸಿ ಕಾದೆವು. ಸಕ್ಕರೆ ಏರುವುದಕ್ಕಿಂತ ಜೋರಾಗಿ ಕಾಯಿ ಸಿಡಿಯುತ್ತ ಹೋಯಿತು. ಕೊನೆಗೆ ಬೇಡವೆಂದರು. ತೋಟಕ್ಕೆ ಕಳಿಸಿದ್ದ ಖಾಲಿ ಕ್ರೇಟುಗಳನ್ನು ಖಾಲಿಯಾಗಿಯೇ ಲಾರಿಗೆ ಹೇರಿಸಿದೆ.

ಆದರೂ ಕೊಯ್ಲು ನಡೆಯಿತು. ಮಹಾಗಾಂವದ ಹೆಂಗಸರು ಬೆಳಕು ಹರಿಯುವ ಮುಂಚೆಯೇ ಬಂದು, ಸಿಡಿದದ್ದನ್ನು ಬಿಟ್ಟು ಒಳ್ಳೆಯದನ್ನು ಬುಟ್ಟಿಗೆ ಕೊಯ್ದರು. ಅಕ್ಕೋರು ಬುಟ್ಟಿಗಳನ್ನು ಟೆಂಪೋದಲ್ಲಿ ಶಾಲೆ ಶಾಲೆಗೆ ಕಳಿಸಿದರು. ವೈನಿಗೆ ಸಾಲದ ಸಕ್ಕರೆ ಬಾಯಿಗೆ ಧಾರಾಳ ಸಾಕು. ತಮ್ಮ ಹಳೆಯ ಶಾಲೆಯ ಮಕ್ಕಳನ್ನಂತೂ ಸಾಲು ಹಿಡಿಸಿಕೊಂಡು ತೋಟಕ್ಕೇ ಕರೆತಂದರು. ಮಕ್ಕಳು ತಿಂದು ತುಟಿ, ಹಲ್ಲು, ಅಂಗಿ ಎಲ್ಲ ನೀಲಿ ಮಾಡಿಕೊಂಡವು. ಬೀಜವನ್ನು ಥೂ ಥೂ ಎಂದು ಒಬ್ಬರ ಮೇಲೊಬ್ಬರು ಉಗುಳಿ ನಗುತ್ತಿದ್ದವು. "ನೋಡ್ರಿ, ಗಿಡದಾಗೂ ಅಲ್ಲ, ನೆಲದಾಗೂ ಅಲ್ಲ. ಬಳ್ಳ್ಯಾಗ!" ಎಂದು ಅಕ್ಕೋರು ಕೂಗಿ ಹೇಳುತ್ತಿದ್ದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಮರುಗೋಣವೆಂದರೆ ತುತ್ತು ಬಾಯಿಗೇ ಬಂದಿತ್ತು, ಬೇರೆ ಬಾಯಿಗೆ. ಬೇಲಿಯ ಹತ್ತಿರ ನಿಂತು ನನಗೆ ಸಂತೋಷವಾಗುತ್ತಿದೆಯೋ ಹೊಟ್ಟೆ ಉರಿಯುತ್ತಿದೆಯೋ ತಿಳಿಯಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಮೂರನೆಯ ಉತ್ತರವನ್ನೇ ನಂಬಿ ಸುಮ್ಮನಾಗುತ್ತಿದ್ದೆ. ಬೇಕೆಂದೇ ಕೆಡಿಸಿದರು, ಮಕ್ಕಳ ಬಾಯಿಗೆ ಹಾಕಿದರು, ಗೆದ್ದರು ಎಂದು.

ಆದರೆ ಟ್ರ್ಯಾಕ್ಟರು ಬಂದ ದಿನ ಅಕ್ಕೋರು ಅತ್ತರು. ಸೆರಗು ಬಾಯಿಗೆ ಒತ್ತಿಕೊಂಡಲ್ಲ, ಸತ್ತವರ ಮುಂದೆ ಅಳುವ ಹಾಗೆ, ಗಟ್ಟಿಯಾಗಿ. ಒಂದನೇ ಕ್ಲಾಸಿನ ತಂತಿ ಬಿಚ್ಚಿ ಬಳ್ಳಿ ಕೀಳುತ್ತಿದ್ದಂತೆ ನೆಲಕ್ಕೇ ಕೂತುಬಿಟ್ಟರು. ತಮ್ಮನಿಗೆ ತಡೆಯಲಾಗಲಿಲ್ಲ. ಎಂಜಿನ್ ಬಂದ್ ಮಾಡಿಸಿ ಓಡಿ ಬಂದ. "ಇರ್ಲಿ ಬಿಡಕ್ಕಾ, ಉಳದದ್ದು ಇರ್ಲಿ. ಇನ್ನೊಂದು ವರ್ಷ ನೋಡು. ಕಂಪನಿಯವರ ಕಾಲು ನಾ ಹಿಡೀತೀನಿ" ಎಂದ. ತೊಗರಿ ಬಿಟ್ಟು ಬೇರೆ ಅರಿಯದ ಆ ಮನುಷ್ಯ ಹಾಗೆನ್ನುವಾಗ ಅವನ ಕಣ್ಣಲ್ಲೂ ನೀರಿತ್ತು. ಅಕ್ಕೋರು ಮುಖ ಒರೆಸಿಕೊಂಡರು. "ಬ್ಯಾಡ. ಮಾತಂದ್ರ ಮಾತು. ನಡಿಸು" ಎಂದರು.

ಉಳಿಸಿಕೊಳ್ಳಬಹುದಿತ್ತು. ಬೇಡವೆಂದರು. ಬೇಡವಾದದ್ದಕ್ಕೆ ಯಾರಾದರೂ ಹಾಗೆ ಅಳುತ್ತಾರೆಯೇ...

ಮರಳುವಾಗ ಬಣ್ಣದ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. ಒಳಗೆ ಒದ್ದೆ ಮಣ್ಣು, ಒಂದು ಗೇಣಿನ ಕಡ್ಡಿ, ಅದರ ಕಣ್ಣಿನಲ್ಲಿ ಒಂದು ಚಿಗುರು. "ಹಿಂದಿನ ಬೆಂಚಿನಂವ. ಇವನ ಹಾಜರಿ ಇನ್ಮ್ಯಾಲೆ ನೀ ತೊಗೊ" ಎಂದರು.

ಕಂಪನಿ ಈ ಕಡೆಯ ಕೆಲಸ ನಿಲ್ಲಿಸಿದ ಮೇಲೆ ನಾನು ಕಪನೂರದಲ್ಲಿ ಹನಿ ನೀರಾವರಿಯ ಪೈಪು ಮಾಡುವ ಸಣ್ಣ ಕಾರ್ಖಾನೆ ಸೇರಿದೆ. ಅಕ್ಕೋರ ಮನೆಗೆ ಆಗಾಗ ಹೋಗುತ್ತಿದ್ದೆ. ಚಹ ಕೊಡುತ್ತಿದ್ದರು, ಡಬ್ಬಿಯ ಬಳ್ಳಿಯ ಬಗ್ಗೆ ಕೇಳುತ್ತಿದ್ದರು. ನೀರಿನ ಮಾತು ನಾನು ಎತ್ತಲಿಲ್ಲ, ಇಂದಲ್ಲ ನಾಳೆ ಕೇಳಿದರಾಯಿತು ಎಂದುಕೊಂಡೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಮಾತಾಡಿಸಲು ಹೋದಾಗ ಅವರ ತಮ್ಮ, ಕಟ್ಟೆಯ ಮೇಲೆ ನನ್ನ ಪಕ್ಕಕ್ಕೆ ಸರಿದು ಕೂತು, ಸಣ್ಣ ದನಿಯಲ್ಲಿ ಕೇಳಿದ: "ಸಾಹೇಬ್ರ, ನಿಮ್ಮ ಮುಂದರ ಖರೇ ಹೇಳ್ಯಾಳೇನ್ರೀ ಅಕ್ಕ, ಆ ನೀರು ಯಾಕ ಬಿಟ್ಟಳು ಅಂತ?" ನಾನು ಇದೇ ಪ್ರಶ್ನೆಯನ್ನು ಅವನಿಗೆ ಕೇಳಬೇಕೆಂದು ಹೋಗಿದ್ದೆ.

ಡಬ್ಬಿಯ ಕಡ್ಡಿ ಈಗ ನಮ್ಮ ಮಾಳಿಗೆಯ ಮೇಲೆ ಅರ್ಧ ಡ್ರಮ್ಮಿನಲ್ಲಿದೆ. ಸೋಮಾರಿ. ಇಷ್ಟು ವರ್ಷ ಬರೀ ಎಲೆ ಬಿಟ್ಟು, ಈ ವರ್ಷ ಮೊದಲ ಸಲ ಮೂರು ಗೊಂಚಲು ಹಿಡಿದಿದೆ. ಬಣ್ಣ ತಿರುಗಿ ಕಪ್ಪಾಗುತ್ತಿವೆ. ಇದನ್ನು ಯಾವ ಕಂಪನಿಯೂ ಪರೀಕ್ಷೆ ಮಾಡುವುದಿಲ್ಲ, ಆದರೂ ಕಲಿತ ವಿದ್ಯೆ ಬಿಡಬೇಕಲ್ಲ. ಸಕ್ಕರೆ ಏರಲಿ ಎಂದು ಕೆಲವು ದಿನಗಳಿಂದ ನೀರು ನಿಲ್ಲಿಸಿದ್ದೆ. ದಿನಾ ಬೆಳಿಗ್ಗೆ ಹಾಜರಿ ಮಾತ್ರ ತೆಗೆದುಕೊಳ್ಳುತ್ತಿದ್ದೆ.

ಪಲ್ಯ ಮರೆತು ಬಂದ ಆ ಸಂಜೆ ಬೈಸಿಕೊಂಡು ಮುಗಿದ ಮೇಲೆ ಮಾಳಿಗೆ ಹತ್ತಿದೆ. ಬಿಸಿಲು ಇಳಿದಿದ್ದರೂ ಡ್ರಮ್ಮು ಕೈ ಸುಡುವಷ್ಟು ಕಾದಿತ್ತು. ಎಲೆಗಳು ಜೋತುಬಿದ್ದಿದ್ದವು. ನನ್ನ ಕೈಯಲ್ಲಿ ನಾನು ಕುಡಿಯಲು ತಂದ ನೀರಿನ ತಂಬಿಗೆ ಇತ್ತು. ಬಾಯಿಗೆ ಎತ್ತಿದೆ, ಕುಡಿಯಲಾಗಲಿಲ್ಲ. ತಂಬಿಗೆಯನ್ನು ಬುಡಕ್ಕೆ ಬಗ್ಗಿಸಿದೆ. ಕೆಳಗೆ ಹೋಗಿ ಇನ್ನೊಂದು ಕೊಡ ತಂದು ಅದನ್ನೂ ಸುರಿದೆ.

ಹೆಂಡತಿ ಮೆಟ್ಟಿಲ ಮೇಲೆ ನಿಂತು, "ಅಲ್ರೀ, ನೀರು ಹಾಕಬ್ಯಾಡ ಅಂತ ನಮಗೆಲ್ಲ ತಾಕೀತು ಮಾಡಿದ್ರಿ, ಈಗ ನೀವೇ ಯಾಕ ಹಾಕ್ಲಾಕತ್ತೀರಿ?" ಎಂದಳು. ಬಾಯಿಗೆ ಮೂರು ಉತ್ತರ ಬಂದವು, ಮೂರೂ ನಿಜವೆನಿಸಿದವು. ಯಾವುದನ್ನು ಹೇಳಲಿ ಎಂದು ಕೇಳೋಣವೆಂದರೆ ಅಕ್ಕೋರಿಲ್ಲ.